ಇಬ್ಬರು ಚರಗ ಚೆಲ್ಲಿದ ಹೊಲ

ಹೊಲ ನಮ್ಮದಲ್ಲ ಎಂದು ನಮಗೆ ತಿಳಿದದ್ದು ಎಳ್ಳಮಾವಾಸ್ಯೆಯ ದಿನ. ೧೯೭೬ನೆಯ ಇಸವಿ ಹುಟ್ಟಿದ ದಿನವೇ ಆ ಅಮಾವಾಸ್ಯೆಯೂ ಬಂದಿತ್ತು. ನನ್ನ ತಮ್ಮ ಸಿದ್ದರಾಯ, ಅವನ ಹೆಂಡತಿ ರಾಚವ್ವ, ನಾನು ಮೂವರೂ ವಿಜಾಪುರದಿಂದ ಮೊದಲ ಬಸ್ಸಿಗೆ ಹೊರಟು ತಿಕೋಟಾದಲ್ಲಿ ಇಳಿದೆವು. ರಾಚವ್ವನ ತಲೆಯ ಮೇಲೆ ಚರಗದ ಬುಟ್ಟಿ ಇತ್ತು. ಸಜ್ಜೆಯ ಕಡಬು, ಖಡಕ್ ರೊಟ್ಟಿ, ಎಣ್ಣೆಗಾಯಿ, ಭಜ್ಜಿ, ಶೇಂಗಾ ಹೋಳಿಗೆ ಎಲ್ಲವನ್ನೂ ಎರಡು ದಿನ ಕುಳಿತು ಮಾಡಿದ್ದಳು.

ಆ ದಿನ ಒಕ್ಕಲಿಗ ತನ್ನ ಹೊಲಕ್ಕೆ ಉಣಿಸುತ್ತಾನೆ. ನಿಂತ ಬೆಳೆಯ ಸುತ್ತ ಅನ್ನ ಚೆಲ್ಲುತ್ತಾ ಬರುತ್ತಾನೆ. ಅದೇ ಚರಗ. ಹೊಲವಿಲ್ಲದವನಿಗೆ ಚರಗವಿಲ್ಲ. ನಮ್ಮ ತಂದೆ ಬಬಲೇಶ್ವರದಲ್ಲಿ ಹುಟ್ಟಿ ಬೇರೆಯವರ ಹೊಲದಲ್ಲಿ ದುಡಿದು ಆ ಊರಲ್ಲಿಯೇ ಮಣ್ಣಾದವರು. ಚಿಕ್ಕಂದಿನಲ್ಲಿ ನಾನೂ ತಮ್ಮನೂ ಎಳ್ಳಮಾವಾಸ್ಯೆಗೆ ಯಾರು ಕರೆಯುತ್ತಾರೋ ಅವರ ಹೊಲಕ್ಕೆ ಹೋಗಿ ಉಂಡು ಬರುತ್ತಿದ್ದೆವು. ನಾನು ಹೇಗೋ ಕಲಿತು ಹೆಣ್ಣುಮಕ್ಕಳ ಸಾಲೆಯಲ್ಲಿ ಅಕ್ಕೋರಾದೆ. ಗಂಡ ಬೇಗ ತೀರಿಕೊಂಡರು, ಮಕ್ಕಳಾಗಲಿಲ್ಲ. ತಮ್ಮ ರೈಲ್ವೆಯಲ್ಲಿ ಕೀಮನ್ ಆದ. ಬೆಳಗಾದರೆ ಹೆಗಲ ಮೇಲೆ ಸುತ್ತಿಗೆ ಹೊತ್ತು ಹಳಿಯುದ್ದಕ್ಕೂ ನಡೆದು, ಸಡಿಲಾದ ಕೀಲಿಗಳನ್ನು ಬಡಿದು ಗಟ್ಟಿಮಾಡುವುದು ಅವನ ಕೆಲಸ. ವಿಜಾಪುರಕ್ಕೆ ಹೊಂದಿದ ಇಬ್ರಾಹಿಂಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿ ಮೂವತ್ತೊಂದು ವರ್ಷ ಬಾಳ್ವೆ ಮಾಡಿದ. ಹೆಣ್ಣುಮಕ್ಕಳಿಬ್ಬರ ಮದುವೆಯೂ ಆ ಕ್ವಾರ್ಟರ್ಸಿನ ಮುಂದೆಯೇ ಆಯಿತು. ಅದೇ ವರ್ಷ ಜೂನ್ ತಿಂಗಳಲ್ಲಿ ಅವನ ನೌಕರಿ ಮುಗಿದು ಕ್ವಾರ್ಟರ್ಸ್ ಬಿಡಬೇಕಿತ್ತು. ಬಿಟ್ಟು ತಿಕೋಟಾಕ್ಕೆ ಬಂದು, ತನ್ನ ಮನೆಯಲ್ಲಿ ಇದ್ದು, ತನ್ನ ಹೊಲ ಉತ್ತು ಉಣ್ಣಬೇಕೆಂಬುದು ಅವನ ಒಂದೇ ಆಸೆ. ಮನೆಯೂ ಆರೆಕರೆ ಎರೆಹೊಲವೂ ಎರಡು ವರ್ಷದ ಹಿಂದೆಯೇ ಕೊಂಡಾಗಿತ್ತು. ಚರಗ ಮಾತ್ರ ಅದೇ ಮೊದಲನೆಯದು.

ಹೊಲದ ಬದುವಿಗೆ ಬಂದಾಗ ಅಲ್ಲಿ ಎರಡು ಬಂಡಿಗಳು ನಿಂತಿದ್ದವು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಬಳಿದು ಯಾರೋ ಪಾಂಡವರ ಪೂಜೆ ಮಾಡಿದ್ದರು. ಹತ್ತು ಹನ್ನೆರಡು ಮಂದಿ ಹೊಸ ಬಟ್ಟೆ ಉಟ್ಟು ಕುಳಿತಿದ್ದರು.

"ಧೂಳಪ್ಪನ ಬೀಗರು ಬಂದಾರ ಕಾಣತೈತಿ," ಎಂದ ಸಿದ್ದರಾಯ. ಹೊಲ ಮಾರಿದವನು ಧೂಳಪ್ಪ. ಅವನೇ ಆ ಹೊಲವನ್ನು ನಮಗಾಗಿ ಅರ್ಧ ಪಾಲಿಗೆ ಮಾಡುತ್ತಿದ್ದುದರಿಂದ ಹಾಗೆ ತಿಳಿದದ್ದರಲ್ಲಿ ತಪ್ಪಿರಲಿಲ್ಲ.

ಗುಂಪಿನಿಂದ ದೊಡ್ಡ ರುಮಾಲಿನ ಒಬ್ಬರು ಎದ್ದು ಬಂದರು. "ಬರ್ರಿ ಬರ್ರಿ ಯಜಮಾನ್ರ! ಇವತ್ತ ಹಾದ್ಯಾಗ ಹೋಗವರನ್ನ ಹಂಗ ಬಿಟ್ರ ಭೂಮಿತಾಯಿ ಸಿಟ್ಟಾಗ್ತಾಳ. ಉಂಡ ಹೋಗ್ರಿ."

"ಉಣ್ಣೂಣು ಬಿಡ್ರಿ, ಅದಕೇನು? ನಮ್ಮ ಬುಟ್ಟೀನೂ ಬಿಚ್ಚೂಣು," ಎಂದು ಸಿದ್ದರಾಯ ನಕ್ಕ.

ಎಲ್ಲರೂ ಕಲೆತು ಕುಳಿತೆವು. ಅವರ ಬುಟ್ಟಿಯದು ನಮ್ಮ ಎಲೆಗೆ ಬಂತು, ನಮ್ಮದು ಅವರ ಎಲೆಗೆ ಹೋಯಿತು. ರುಮಾಲಿನವರ ಹೆಂಡತಿ ಪರಸವ್ವ ರಾಚವ್ವನ ರೊಟ್ಟಿ ಮುರಿದು, "ಶಹರದಾಗಿದ್ದೂ ಇಂಥಾ ರೊಟ್ಟಿ ಬಡೀತಿ ಅಂದ್ರ ನಿನ್ನ ಗಂಡ ಪುಣ್ಯವಂತ ಬಿಡವ್ವಾ," ಎಂದಳು.

"ಪುಣ್ಯ ಎಲ್ಲೀದು ಬೇ? ಅವರ ಹಲ್ಲು ಗಟ್ಟಿ ಅದಾವ, ಅಷ್ಟ," ಎಂದಳು ರಾಚವ್ವ. ಎಲ್ಲರೂ ನಕ್ಕೆವು. ಅಷ್ಟು ಬಾಯ್ತುಂಬ ನನ್ನ ತಮ್ಮ ನಕ್ಕದ್ದು ಆಮೇಲೆ ನಾನು ನೋಡಲಿಲ್ಲ.

ಊಟವಾದ ಮೇಲೆ ಸಿದ್ದರಾಯ ಚರಗದ ತಾಟು ಹಿಡಿದು ಹೊಲದ ಮೂಡಲ ಬದುವಿನಿಂದ ಅನ್ನ ಚೆಲ್ಲುತ್ತಾ ಹೊರಟ. ಪಡುವಲ ಬದುವಿನಿಂದ ಆ ರುಮಾಲಿನವರೂ ಹೊರಟಿದ್ದರು. ಜೋಳ ಎದೆಮಟ್ಟ ನಿಂತಿತ್ತು. ಇಬ್ಬರೂ ಚರಗದ ಕೂಗು ಹಾಕುತ್ತಾ ಬಂದು ಎದುರುಬದುರಾದರು.

"ಏನ್ರೀ ಯಜಮಾನ್ರ, ನನ್ನ ಹೊಲದಾಗ ನೀವ್ಯಾಕ ಚರಗ ಚೆಲ್ಲಾಕತ್ತೀರಿ? ನಿಮಗ ಹೊಲ ಇಲ್ಲೇನು?" ಅವರು ನಗುತ್ತಲೇ ಕೇಳಿದರು.

"ನಿಮ್ಮ ಹೊಲ?"

"ದಸರಾಕ್ಕ ಖರೀದಿ ಹಿಡದೀನಲ್ರಿ, ಧೂಳಪ್ಪನ ಕೈಲೆ. ಹೊಲಾನೂ ಹಿಡದೀನಿ, ಊರಾಗಿನ ಮನೀನೂ ಹಿಡದೀನಿ. ರಜಿಸ್ಟರ್ ಆಗೇತಿ. ಪಹಣಿ ಉತಾರದಾಗ ನನ್ನ ಹೆಸರು ಏರೇತಿ. ನಾ ಬಬಲೇಶ್ವರದ ಯಲಗೂರಪ್ಪ."

ಸಿದ್ದರಾಯ ತಾಟನ್ನು ನೆಲದ ಮೇಲೆ ಇಟ್ಟ. "ಎರಡು ವರ್ಷ ಆತ್ರಿ, ಇದನ್ನ ನಾ ಕೊಂಡು," ಎಂದ. ದನಿ ಏರಲಿಲ್ಲ. ಯಲಗೂರಪ್ಪನವರು ಅವನ ಮುಖವನ್ನು ನೋಡಿ, ಆಮೇಲೆ ಹಿಂದೆ ಬರುತ್ತಿದ್ದ ನನ್ನ ಕಡೆ ನೋಡಿದರು. ಅವರ ಮುಖವೂ ಕಪ್ಪಿಟ್ಟಿತು.

"ನಿಮ್ಮ ಅನ್ನ ನಾವು ಉಂಡೀವಿ, ನಮ್ಮ ಅನ್ನ ನೀವು ಉಂಡೀರಿ," ಎಂದರು ಕಡೆಗೆ. "ಈಗ ಕೂತು ಜಗಳ ಹೆಂಗ ಆಡೂದ್ರಿ?"

ಜಗಳ ಆಡಲಿಲ್ಲ. ಆಡುವುದು ಕೋರ್ಟಿಗೆ ಉಳಿಯಿತು.

ಹೊಲವನ್ನೂ ಮನೆಯನ್ನೂ ಇನ್ನೊಬ್ಬರಿಗೆ ಮಾರಲು ಧೂಳಪ್ಪನಿಗೆ ಎಡೆ ಹೇಗೆ ಸಿಕ್ಕಿತೆಂಬುದನ್ನು ಹೇಳಬೇಕು. ಅದನ್ನು ಹೇಳುವುದಕ್ಕಾಗಿಯೇ ನಾನು ಇದನ್ನು ಬರೆಯಲು ಕುಳಿತದ್ದು.

ಧೂಳಪ್ಪನಿಗೆ ಒಕ್ಕಲುತನದಲ್ಲಿ ಮನಸ್ಸಿರಲಿಲ್ಲ. ಸೊಲ್ಲಾಪುರದಲ್ಲಿ ಚಾದರದ ಮಗ್ಗ ಹಾಕುತ್ತೇನೆಂದು ಹೊಲಮನೆ ಮಾರಲು ನಿಂತ. ಎರಡೂ ಅವನ ಹೆಸರಿನಲ್ಲಿಯೇ ಇದ್ದವು. ೧೯೭೪ರ ಯುಗಾದಿಯ ಮರುವಾರ ಮಾತು ಕುದುರಿತು. ಕಾಗದ ಬರೆಯಿಸುವ ಹಿಂದಿನ ದಿನ, ತಮ್ಮ ಕೊಳ್ಳುವ ಮನೆಯನ್ನು ಒಮ್ಮೆ ಕಣ್ಣಿನಿಂದ ನೋಡಿ ಬರೋಣವೆಂದು ನಾನೊಬ್ಬಳೇ ತಿಕೋಟಾಕ್ಕೆ ಹೋದೆ. ಮಣ್ಣಿನ ಮಾಳಿಗೆಯ ಮೂರು ಅಂಕಣದ ಮನೆ. ಪಡಸಾಲೆಯಲ್ಲಿ ಧೂಳಪ್ಪನ ತಾಯಿ ಹುಚ್ಚವ್ವ ಜೋಳ ಹಸನು ಮಾಡುತ್ತಾ ಕುಳಿತಿದ್ದಳು. ಎಂಬತ್ತರ ಹತ್ತಿರದ ಜೀವ. ನನ್ನನ್ನು ಕಂಡು ಮೊರ ಬದಿಗಿಟ್ಟಳು.

"ಅಕ್ಕೋರ, ನಿಮ್ಮ ತಮ್ಮ ತಗೊಳ್ಳವಲ್ಲನ್ಯಾಕ, ತಗೋಲಿ. ನಾ ಬ್ಯಾಡ ಅನ್ನೂದಿಲ್ಲ. ಆದ್ರ ನನ್ನ ಗಂಡನ ಗದ್ದಿಗಿ ಆ ಹೊಲದಾಗ ಐತಿ, ಬನ್ನಿಗಿಡದ ಬುಡಕ. ಅವರ ಮಗ್ಗಲದಾಗ ನನ್ನ ಜಾಗಾ ಐತಿ. ಮಂದಿ ಹೊಲದಾಗ ನನ್ನ ಹೂಳಬ್ಯಾಡ್ರಿ. ನಾ ಮಣ್ಣಾಗೂತನಕ ಹೊಲ ನಮ್ಮ ಹೆಸರಲೆ ಇರ್ಲಿ. ಹಿಂದಗಡೆ ಬೇಕಾದ್ರ ಎಲ್ಲಾ ಬರಕೊಳ್ಳರಿ."

ನಮ್ಮಲ್ಲಿ ಸತ್ತವರನ್ನು ತಮ್ಮ ಹೊಲದಲ್ಲಿಯೇ ಹೂಳುತ್ತಾರೆ. ಹೊಲವಿಲ್ಲದವರಿಗೆ ಊರ ಹೊರಗಿನ ರುದ್ರಭೂಮಿ. ನನ್ನ ತಂದೆತಾಯಿ ರುದ್ರಭೂಮಿಗೆ ಹೋದವರು. ಗಂಡನ ಮಗ್ಗುಲಲ್ಲಿ, ತನ್ನದೇ ಮಣ್ಣಿನಲ್ಲಿ ಮಲಗಬೇಕೆನ್ನುವ ಮುದುಕಿಯ ಮಾತು ನನ್ನ ಎದೆಗೆ ತಾಗಿತು. ಸುಳ್ಳೇಕೆ ಹೇಳಲಿ, ಇಂಥ ಪುಣ್ಯದ ಮಾತಿಗೆ ಒಪ್ಪುವ ಅವಕಾಶ ಬಂದಿತಲ್ಲ ಎಂದು ಒಳಗೆ ಹಿಗ್ಗೂ ಆಯಿತು. ಅವಳ ದೇವರ ಜಗುಲಿಯ ಮೇಲಿನ ವಿಭೂತಿ ಮುಟ್ಟಿ ನಾನು ಹೇಳಿದೆ:

"ಹುಚ್ಚವ್ವಾ, ನೀ ಇರೂತನಕ ಹೊಲ ನಿಂದು, ಮನಿ ನಿಂದು. ಯಾರು ಕೇಳಿದರೂ ಹಂಗ ಹೇಳು. ನೀ ಇರೂತನಕ ಅದು ಮಾರಿದ್ದಲ್ಲ."

ಅವಳು ನನ್ನ ಕಾಲು ಹಿಡಿಯಲು ಬಂದಳು. ನಾನು ಎತ್ತಿ ಕೂಡಿಸಿದೆ.

ಮರುದಿನ ವಿಜಾಪುರದಲ್ಲಿ, ನೋಂದಣಿ ಕಚೇರಿಯ ಹೊರಗೆ ಬೇವಿನ ಗಿಡದ ಕೆಳಗೆ ಹಸನಸಾಬನೆಂಬ ಕಾಗದ ಬರೆಯುವವನ ಮುಂದೆ ಕುಳಿತೆವು. ಧೂಳಪ್ಪ ಪೂರಾ ಹಣ ಎಣಿಸಿಕೊಂಡು ಸಹಿ ಮಾಡಿದ. ಹಸನಸಾಬ ಮಸಿ ಆರಿಸಲು ಕಾಗದವನ್ನು ಊದುತ್ತಾ, "ನಡೀರಿ ಅಕ್ಕೋರ, ಹತ್ತ ಹೆಜ್ಜಿ ಮ್ಯಾಲೆ ಕಚೇರಿ ಐತಿ, ರಜಿಸ್ಟರ್ ಮಾಡಿಸಿಬಿಡೂಣು," ಎಂದ. ಸಿದ್ದರಾಯ ಧೋತರ ಕೊಡವಿ ಎದ್ದ.

ನಾನು ಅವನ ಕೈ ಹಿಡಿದು ಕೂಡಿಸಿದೆ. ಮುದುಕಿಗೆ ಕೊಟ್ಟ ಮಾತನ್ನು ಅವನಿಗೆ ಹೇಳಿದ್ದು ಆಗಲೇ, ಅಲ್ಲಿಯೇ, ಎಲ್ಲರ ಮುಂದೆ.

ಅವನು ಹಸನಸಾಬನ ಕಡೆ ತಿರುಗಿ, "ಅಕ್ಕ ಮಾತು ಕೊಟ್ಟಾಳಂದ ಮ್ಯಾಲೆ ಮುಗೀತು," ಎಂದ.

ಹಸನಸಾಬ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹಿರೇ ಮನುಷ್ಯಾಳು ನೂರು ವರ್ಷ ಬದುಕಲಿ ಅಕ್ಕೋರ. ನಾ ಅಲ್ಲಾನ್ನ ಕೇಳ್ಕೋತೀನಿ. ಆದ್ರ ಈ ಸ್ಟಾಂಪ್ ಕಾಗದ ಅಷ್ಟ ದಿನ ಬದಕೂದಿಲ್ರಿ."

"ಮಾತಿನ ಮೇಲೆ ನಂಬಿಕೆ ಇಡಬೇಕು, ಹಸನಸಾಬ," ಎಂದೆ ನಾನು, ಸಾಲೆಯಲ್ಲಿ ಮಕ್ಕಳಿಗೆ ಹೇಳಿದ ಹಾಗೆ.

"ಇಡ್ರಿ. ನನ್ನ ಅಂಗಡಿ ನಡೆಯೂದು ಅದನ್ನ ಇಡಲಾರದವರಿಂದ," ಎಂದು ಅವನು ನಕ್ಕು ಕಾಗದ ಮಡಿಚಿ ಕೊಟ್ಟ.

ಮುದುಕಿ ಇರುವ ತನಕ ತಾಯಿಮಗ ಆ ಮನೆಯಲ್ಲಿಯೇ ಇರುವುದು, ಹೊಲ ಧೂಳಪ್ಪನೇ ಮಾಡಿ ಅರ್ಧ ಪಾಲು ಕೊಡುವುದು ಎಂದು ಗೊತ್ತಾಯಿತು. ಮೊದಲ ವರ್ಷ ಧೂಳಪ್ಪ ಜೋಳದ ಚೀಲಗಳನ್ನು ತಾನೇ ಕ್ವಾರ್ಟರ್ಸಿಗೆ ತಂದು ಇಳಿಸಿ, ರಾಚವ್ವನ ಕೈಯ ಚಹಾ ಕುಡಿದು ಹೋದ. ಎರಡನೆಯ ವರ್ಷ, ನಮ್ಮ ಹಣದಿಂದ ಅವನು ಸೊಲ್ಲಾಪುರದಲ್ಲಿ ಹಾಕಿಸಿದ್ದ ಮಗ್ಗ ಮುಳುಗಿತು. ಕಾಗದಪತ್ರಗಳಲ್ಲೆಲ್ಲ ಹೆಸರು ಅವನದೇ, ಸ್ವಾಧೀನವೂ ಅವನದೇ. ದಸರೆಯ ಹೊತ್ತಿಗೆ ಯಲಗೂರಪ್ಪನವರಿಗೆ ಮಾರಿ, ಹಣ ತೆಗೆದುಕೊಂಡು, ತಾಯಿಗೂ ಹೇಳದೆ ಹೋದವನು ತಿರುಗಿ ಬರಲಿಲ್ಲ.

ಎಳ್ಳಮಾವಾಸ್ಯೆಯ ದಿನ ನಾವು ಹೊಲದಿಂದ ನೇರವಾಗಿ ಹುಚ್ಚವ್ವನ ಹತ್ತಿರ ಹೋದೆವು. ಮಗ ಹೀಗೆ ಮಾಡಿದನೆಂದು ಕೇಳಿ ಅವಳು ಎದೆ ಬಡಿದುಕೊಂಡು ಅತ್ತಳು.

"ಯಲಗೂರಪ್ಪ ಕೊಳ್ಳೂಕಿಂತ ಮೊದಲ ನಿನ್ನ ಏನರೆ ಕೇಳಿದ್ರೇನು?" ಎಂದು ಸಿದ್ದರಾಯ ಕೇಳಿದ.

"ಬಂದಿದ್ರಪ್ಪಾ. ಇದ ಕಟ್ಟಿಮ್ಯಾಲೆ ಕೂತು ಕೇಳಿದ್ರು. ನಾ ಹೇಳೂದು ಹೇಳೀನಿ. ಅಕ್ಕೋರು ಏನ್ ಅಂದಿದ್ರು, ಹಂಗ ಹೇಳೀನಿ."

ನಮಗೆ ಅಷ್ಟೇ ಸಾಕಾಯಿತು. ಮುದುಕಿ ಮೊದಲ ಮಾರಾಟದ ಸಂಗತಿಯನ್ನು ಯಲಗೂರಪ್ಪನವರಿಗೆ ಹೇಳಿದ್ದಾಳೆ, ತಿಳಿದೂ ಅವರು ಕೊಂಡಿದ್ದಾರೆ ಎಂದುಕೊಂಡೆವು. ಇನಾಮದಾರ ವಕೀಲರು ಇದನ್ನು ಕೇಳಿ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕುಳಿತರು. "ರಜಿಸ್ಟರ್ ಅವರ ಕಡೆ ಐತಿ, ಖರೆ. ಆದ್ರ ಮೊದಲ ಕರಾರು ಗೊತ್ತಿದ್ದೂ ಕೊಂಡಾರ ಅಂತ ಆದ್ರ ಅದು ನಿಲ್ಲೂದಿಲ್ಲ. ಮುದುಕಿ ಕೋರ್ಟಿನಾಗ ಇದನ್ನ ಅಂದ್ರ ಸಾಕು. ಮನಿ ನಿಮ್ಮದ ಅಂತ ತಿಳೀರಿ," ಎಂದರು. ಅವಳನ್ನು ನಮ್ಮ ಕಡೆಯ ಸಾಕ್ಷಿಯಾಗಿ ಬರೆಯಿಸಿದರು.

ದಾವೆ ಹೂಡಿದ ಮೇಲೆ ಸಾಕ್ಷಿಗೆ ಬರಲು ವರ್ಷದ ಮೇಲಾಯಿತು. ಅಷ್ಟರಲ್ಲಿ ಸಿದ್ದರಾಯನ ನೌಕರಿ ಮುಗಿಯಿತು. ಕ್ವಾರ್ಟರ್ಸಿನ ಕೀಲಿ ಕೊಟ್ಟು, ಇಬ್ರಾಹಿಂಪುರದಲ್ಲಿ ನಾನು ಬಾಡಿಗೆಗೆ ಇದ್ದ ಎರಡು ಖೋಲಿಯ ಮನೆಗೆ ಗಂಡಹೆಂಡತಿ ಬಂದರು. ತಿಕೋಟಾದ ಮನೆಗೆಂದು ಮಾಡಿಸಿದ್ದ ಮಂಚ ನನ್ನ ಬಾಗಿಲಲ್ಲಿ ಹಿಡಿಸಲಿಲ್ಲ. ಸಿದ್ದರಾಯ ಅದನ್ನು ಹೊರಗೆ ಗೋಡೆಗೆ ಆನಿಸಿ ನಿಲ್ಲಿಸಿ ಗೋಣಿತಟ್ಟು ಹೊದಿಸಿದ. ಮಳೆಗಾಲ ಬಂದಾಗ ರಾಚವ್ವ, "ಅದನ್ನರೆ ಮಾರ್ರಿ," ಎಂದಳು. "ಇನ್ನೊಂದ ತಾರೀಖು ಐತಿ," ಎನ್ನುವನು. ಪ್ರತಿ ಸಲವೂ ಹಾಗೇ ಎನ್ನುವನು.

ಹುಚ್ಚವ್ವನನ್ನು ಕೋರ್ಟಿಗೆ ಕರೆತಂದ ದಿನ ನಾನೇ ಅವಳ ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ಕಟಕಟೆಯಲ್ಲಿ ನಿಂತಾಗ ಅವಳ ತಲೆ ಮಾತ್ರ ಮೇಲೆ ಕಾಣುತ್ತಿತ್ತು. ನಮ್ಮ ವಕೀಲರು ಕೇಳಿದರು:

"ಅಜ್ಜೀ, ಯಲಗೂರಪ್ಪ ನಿಮ್ಮ ಮನೀಗೆ ಬಂದು ಹೊಲದ ಸುದ್ದಿ ಕೇಳಿದ್ರಲ್ಲ? ನೀವು ಏನ್ ಹೇಳಿದ್ರಿ?"

"ಹೊಲ ನಂದು ಅಂತ ಹೇಳಿದೆ."

ವಕೀಲರು ಕಟಕಟೆಯ ಹತ್ತಿರಕ್ಕೆ ಬಂದರು. "ಸಿದ್ದರಾಯನಿಗೆ ಮೊದಲ ಮಾರೇವಿ ಅಂತ ಹೇಳಲಿಲ್ಲೇನು?"

"ಎಲ್ಲಿ ಮಾರೇವ್ರಿ? ನಾ ಇರೂತನಕ ಅದು ಮಾರಿದ್ದಲ್ಲ. ಇಲ್ಲೇ ಅದಾರ ನೋಡ್ರಿ ಅಕ್ಕೋರು, ಅವರೇ ವಿಭೂತಿ ಮುಟ್ಟಿ ಹೇಳ್ಯಾರ. ಯಾರು ಕೇಳಿದರೂ ಹಂಗ ಹೇಳು ಅಂದಾರ. ಹಂಗ ಹೇಳೀನಿ."

ಅವಳು ನನ್ನ ಕಡೆ ನೋಡಿದಳು, ಪಾಠ ಸರಿಯಾಗಿ ಒಪ್ಪಿಸಿದ ಹುಡುಗಿಯ ಹಾಗೆ. ಮಗನನ್ನು ಉಳಿಸಲು ಹಾಗೆಂದಳೋ, ಮಾರಿದ್ದೆಂದು ಬಾಯಿಬಿಟ್ಟರೆ ತನ್ನ ಮಣ್ಣು ತಪ್ಪೀತೆಂದು ಹೆದರಿದಳೋ, ಅಥವಾ ನಾನು ಕಲಿಸಿದ್ದನ್ನು ನಿಜವಾಗಿಯೇ ನಂಬಿದ್ದಳೋ, ನನಗೆ ಇಂದಿಗೂ ತಿಳಿದಿಲ್ಲ. ಯಾವುದಾದರೂ ಒಂದೇ. ಯಲಗೂರಪ್ಪನವರು ಕೊಳ್ಳುವ ಮೊದಲು ಬಂದು ವಿಚಾರಿಸಿದ್ದರು. ಅವರಿಗೆ ಸಿಕ್ಕ ಉತ್ತರ ನನ್ನದು.

ಮುಂದಿನ ತಾರೀಖಿಗೆ ಸಾಕ್ಷಿ ಹೇಳಬೇಕಾದವಳು ನಾನು. ನಡುವೆ ಹದಿನೆಂಟು ದಿನಗಳಿದ್ದವು. ಇನಾಮದಾರ ವಕೀಲರು ನಮ್ಮನ್ನು ಕರೆಯಿಸಿದರು. "ಅಕ್ಕೋರ, ಸುಳ್ಳು ಹೇಳ್ರಿ ಅಂತ ನಾ ಅನ್ನೂದಿಲ್ಲ. ಮುದುಕಿಗೆ ವಯಸ್ಸಾಗೇತಿ, ಕಿವಿ ಮಂದ ಅದಾವ. 'ನಾ ಹಂಗ ಅಂದದ್ದು ನನಗ ನೆನಪಿಲ್ಲ' ಅಂದ್ರ ಸಾಕು. ಅಷ್ಟರಾಗ ಮುದುಕಿ ಸಾಕ್ಷಿ ಸಡಲ ಆಗತೈತಿ."

ಸಿದ್ದರಾಯ ವಕೀಲರ ಮೇಜಿನ ಅಂಚನ್ನು ನೋಡುತ್ತಾ ಕುಳಿತಿದ್ದ. ಆ ಹದಿನೆಂಟು ದಿನಗಳಲ್ಲಿ ಒಮ್ಮೆಯಾದರೂ ಅವನು "ಅಕ್ಕಾ, ನನ್ನ ಸಲುವಾಗಿ ಹಂಗ ಅಂದುಬಿಡು" ಎಂದಿದ್ದರೆ ನಾನು ಏನು ಮಾಡುತ್ತಿದ್ದೆನೋ. ಅನ್ನಲಿಲ್ಲ. ಅನ್ನಬಾರದೆಂದು ಅವನನ್ನು ಬೆಳೆಸಿದವಳೂ ನಾನೇ. ತಾಯಿ ಸತ್ತಾಗ ಅವನಿಗೆ ಏಳು ವರ್ಷ. ನಿತ್ಯ ಬೆಳಿಗ್ಗೆ ಅವನು ಅಭ್ಯಾಸಬಲದಿಂದ ಹಳಿಯ ಕಡೆ ಹೋಗಿ ಬರುತ್ತಿದ್ದ. ನಾನು ಲಿಂಗಪೂಜೆಗೆ ಕೂಡುತ್ತಿದ್ದೆ, ಮನಸ್ಸು ನಿಲ್ಲುತ್ತಿರಲಿಲ್ಲ.

ಒಂದು ದಿನ ರಾಚವ್ವ ರೊಟ್ಟಿ ತಟ್ಟುತ್ತಾ ಬೆನ್ನು ತಿರುಗಿಸಿಯೇ ಕೇಳಿದಳು: "ಅಕ್ಕಾರ, ನೆನಪಿಲ್ಲ ಅನ್ನೂದು ಸುಳ್ಳೇನ್ರಿ?"

"ನೆನಪಿದ್ದಾಗ ಸುಳ್ಳು," ಎಂದೆ.

"ಹೂಂ," ಎಂದಳು. "ನಾ ಸಾಲಿ ಕಲತಾಕಿ ಅಲ್ಲ, ಅದಕ ಕೇಳಿದೆ." ರೊಟ್ಟಿ ಬಡಿಯುವ ಸಪ್ಪಳ ಜೋರಾಯಿತು.

ತಾರೀಖು ಬಂತು. ದೇವರ ಮೇಲೆ ಪ್ರಮಾಣ ಮಾಡಿಸಿದರು. ನಮ್ಮ ವಕೀಲರ ಪ್ರಶ್ನೆಗಳಾದವು. ಆಮೇಲೆ ಎದುರಿನ ವಕೀಲರು ಎದ್ದರು. ಅವರು ತರುಣರು. ಅವರ ತಂಗಿ ನನ್ನ ಸಾಲೆಯಲ್ಲಿ ಕಲಿತವಳು.

"ನೀವು ಹಿರಿಯರು, ಅಕ್ಕೋರೇ. ಒಂದೇ ಮಾತು ಕೇಳುತ್ತೇನೆ. ಹುಚ್ಚವ್ವ ಇರುವತನಕ ಹೊಲಮನೆ ಮಾರಿದ್ದಲ್ಲ, ಯಾರು ಕೇಳಿದರೂ ಹಾಗೆಯೇ ಹೇಳು ಎಂದು ನೀವು ಆಕೆಗೆ ಹೇಳಿದ್ದು ನಿಜವೇ?"

ಸಿದ್ದರಾಯ ಹಿಂದಿನ ಬಾಕಿನ ಮೇಲೆ ಕುಳಿತಿದ್ದ. ಕೈಯಲ್ಲಿ ಟೋಪಿ ಇತ್ತು. ನಾನು ಅವನನ್ನು ನೋಡಿದೆ. ಅವನು ನನ್ನನ್ನು ನೋಡಲಿಲ್ಲ.

"ನಿಜ," ಎಂದೆ.

ಹೊರಗೆ ಬಂದಾಗ ಹಸನಸಾಬ ಬೇವಿನ ಗಿಡದ ಕೆಳಗಿನಿಂದ ಎದ್ದು ಬಂದು, "ಭಾಳ ದೊಡ್ಡ ಮಾತು ಆಡಿದ್ರಿ ಅಕ್ಕೋರ, ದೇವರು ನೋಡ್ಯಾನ," ಎಂದ. ಆಮೇಲೆ ಬಹಳ ಜನ ನನಗೆ ಹಾಗೆಯೇ ಹೇಳಿದರು. ಸತ್ಯ ನುಡಿದಿರಿ, ನಿಮ್ಮಂಥವರು ಈಗ ಎಲ್ಲಿದ್ದಾರೆ ಎಂದರು. ಆ ಹೊಗಳಿಕೆಯೆಲ್ಲ ನನ್ನ ಪಾಲಿಗೆ ಬಂತು. ಅದರ ಬೆಲೆ ಮಾತ್ರ ಸಿದ್ದರಾಯ ಕೊಟ್ಟ.

೧೯೭೮ರ ಬೇಸಿಗೆಯಲ್ಲಿ ತೀರ್ಪು ಬಂತು. ನಮ್ಮ ಕಾಗದ ಬರೀ ಕರಾರು, ಖರೀದಿಯಲ್ಲ. ಯಲಗೂರಪ್ಪನವರು ವಿಚಾರಿಸಿ, ಮೊದಲ ಕರಾರು ತಿಳಿಯದೆ, ಪೂರಾ ಹಣ ಕೊಟ್ಟು ಕೊಂಡವರು. ಹೊಲವೂ ಮನೆಯೂ ಅವರದು. ನಮ್ಮ ಹಣವನ್ನು ಧೂಳಪ್ಪನಿಂದ ವಸೂಲು ಮಾಡಿಕೊಳ್ಳಬಹುದು. ಧೂಳಪ್ಪ ಎಲ್ಲಿದ್ದಾನೆಂದು ಕೋರ್ಟಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಮೇಲಿನ ಕೋರ್ಟಿಗೆ ಹೋಗೋಣವೇ ಎಂದು ವಕೀಲರು ಕೇಳಿದರು. "ಸಾಕ್ರಿ," ಎಂದ ಸಿದ್ದರಾಯ. ಅಂದು ಸಂಜೆ ಮಂಚವನ್ನು ಗುಜರಿಯವನಿಗೆ ಕೊಟ್ಟುಬಿಟ್ಟ.

ಆ ಮಳೆಗಾಲದಲ್ಲಿ ಹುಚ್ಚವ್ವ ತೀರಿಕೊಂಡಳು. ಯಲಗೂರಪ್ಪನವರು ಆಕೆಯನ್ನು ಕೊನೆಯವರೆಗೂ ಮನೆಯಿಂದ ಎಬ್ಬಿಸಿರಲಿಲ್ಲ. ತಮ್ಮ ಮನೆಯಿಂದ ಕಾಳುಕಡಿ ಕಳಿಸುತ್ತಿದ್ದರಂತೆ. ಸುದ್ದಿ ತಿಳಿದು ನಾನೂ ಸಿದ್ದರಾಯನೂ ಹೋದೆವು. ಬನ್ನಿಗಿಡದ ಬುಡದಲ್ಲಿ, ಅವಳ ಗಂಡನ ಗದ್ದಿಗೆಯ ಮಗ್ಗುಲಲ್ಲಿ ಕುಣಿ ತೋಡಿಸಿದ್ದರು. ವಿಭೂತಿ, ಪತ್ರೆ ಎಲ್ಲ ಕ್ರಮವಾಗಿ ಇಟ್ಟು, ನಮ್ಮ ರೂಢಿಯಂತೆ ಅವಳನ್ನು ಕುಣಿಯಲ್ಲಿ ಕೂಡಿಸಿದರು. ಮಗ ಇಲ್ಲವಾದ್ದರಿಂದ ಮೊದಲ ಹಿಡಿ ಮಣ್ಣನ್ನು ಯಲಗೂರಪ್ಪನವರೇ ಹಾಕಿದರು. ಎರಡನೆಯದನ್ನು ನನ್ನ ತಮ್ಮ ಹಾಕಿದ.

ಯಲಗೂರಪ್ಪನವರು ಕೈ ತೊಳೆದುಕೊಂಡು ಬಂದು ಸಿದ್ದರಾಯನ ಮುಂದೆ ನಿಂತರು. "ಸಿದ್ದರಾಯಪ್ಪ, ನಾ ತಿಳಿದು ತಗೊಂಡಿಲ್ಲಪ್ಪ."

"ಗೊತ್ತೈತ್ರಿ. ಮುದುಕೀನ ಚಲೋತ್ನ್ಯಾಗಿ ನೋಡಕೊಂಡ್ರಿ," ಎಂದ.

"ಆಕೀ ಗಂಡನ ಗದ್ದಿಗಿ ಐತಿ. ಮೂರು ಮೊಳ ಜಾಗಾ ಕೊಡೂದರಾಗ ನನ್ನ ಗಂಟೇನು ಹೋಗತೈತ್ರಿ? ಯಾರು ಬ್ಯಾಡಂತಾರ?"

ಆ ಮಾತು ಕೇಳಿ ನಾನು ನಿಂತಲ್ಲಿಯೇ ಕಲ್ಲಾದೆ. ಯಾರೂ ಬೇಡವೆನ್ನುತ್ತಿರಲಿಲ್ಲ. ನಾವು ಅಂದೇ ಹತ್ತು ಹೆಜ್ಜೆ ನಡೆದು ರಜಿಸ್ಟರ್ ಮಾಡಿಸಿದ್ದರೂ ನನ್ನ ತಮ್ಮ ಆಕೆಯನ್ನು ಅದೇ ಮನೆಯಲ್ಲಿ ಇಟ್ಟುಕೊಂಡು, ಅದೇ ಗಿಡದ ಬುಡದಲ್ಲಿ, ಅದೇ ಕೈಯಿಂದ ಮಣ್ಣು ಹಾಕುತ್ತಿದ್ದ. ಆಕೆಗೆ ಬೇಕಾದದ್ದು ಮೂರು ಮೊಳ ಜಾಗ. ಅದನ್ನು ಕೊಡಿಸಲು ನಾನು ಆರೆಕರೆ ಹೊಲವನ್ನೂ ಒಂದು ಮನೆಯನ್ನೂ ಅಡವಿಟ್ಟೆ. ಅವು ನನ್ನವಾಗಿರಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಸಿದ್ದರಾಯ ಹೇಳಿದ. ನಾಲ್ಕು ವರ್ಷದಲ್ಲಿ ಅವನು ಆ ವಿಷಯಕ್ಕೆ ಬಾಯಿಬಿಟ್ಟದ್ದು ಅದೊಂದೇ ಸಲ.

"ಅಕ್ಕಾ, ಕೋರ್ಟಿನಾಗ ನೀ ಸುಳ್ಳು ಹೇಳಬೇಕಿತ್ತು ಅಂತ ನಾ ಎಂದೂ ಅನ್ನೂದಿಲ್ಲ. ಆದ್ರ ಅವತ್ತ ಮುದುಕಿಗೆ ಮಾತು ಕೊಡೂವಾಗ ನನ್ನ ಒಂದ ಸಲ ಕೇಳಬೇಕಿತ್ತು."

"ಕೇಳಿದ್ರ ನೀ ಏನ್ ಅಂತಿದ್ದಿ?"

"ಹೂಂ ಅಂತಿದ್ದೆ," ಎಂದ. "ಆದ್ರ ಕೇಳಬೇಕಿತ್ತು."

ತಪ್ಪಾಯಿತು ಎಂದು ಅಲ್ಲಿಯೇ ಹೇಳಬಹುದಿತ್ತು. ಬಸ್ಸಿನ ತುಂಬ ಜನ ಇದ್ದರು, ಮನೆಗೆ ಹೋಗಿ ಹೇಳಿದರಾಯಿತು ಎಂದುಕೊಂಡೆ. ಮನೆಗೆ ಹೋದ ಮೇಲೆ ನಾಳೆ ಎಂದುಕೊಂಡೆ. ಅರವತ್ತೆಂಟು ವರ್ಷದ ಬಾಯಿ, ನಲವತ್ತು ವರ್ಷ ಬೇರೆಯವರ ತಪ್ಪು ತಿದ್ದಿದ ಬಾಯಿ, ಅದಕ್ಕೆ ಆ ಒಂದು ಮಾತು ಬರಲಿಲ್ಲ.

ಈ ವರ್ಷ ಮಾಘದಲ್ಲಿ, ಒಂದು ಸೋಮವಾರ ಬೆಳಿಗ್ಗೆ, ಸಿದ್ದರಾಯ ಹಳಿಯ ಕಡೆ ಹೋಗಿ ಬಂದು ಕಾಲು ತೊಳೆದ. ಎದೆ ಹಿಡಿದಂತಾಗಿದೆ ಎಂದು ಗೋಡೆಗೆ ಆತು ಕುಳಿತ. ನಾನು ಪೂಜೆಯಲ್ಲಿದ್ದೆ. ರಾಚವ್ವ ಕೂಗಿದ್ದು ಕೇಳಿ ಎದ್ದು ಬರುವಷ್ಟರಲ್ಲಿ ಮುಗಿದಿತ್ತು. ನನಗಿಂತ ಏಳು ವರ್ಷ ಚಿಕ್ಕವನು. ಬಬಲೇಶ್ವರಕ್ಕೆ ಒಯ್ದು ತಂದೆತಾಯಿಗಳಿದ್ದ ರುದ್ರಭೂಮಿಯಲ್ಲಿಯೇ ಮಣ್ಣು ಮಾಡಿದೆವು. ಯಲಗೂರಪ್ಪನವರು ಬಂದಿದ್ದರು. ಒಯ್ಯುವ ಮೊದಲೇ ಅವರು ನನ್ನ ಹತ್ತಿರ ಬಂದು ಮೆಲ್ಲಗೆ, "ತಿಕೋಟಾಕ್ಕ ಒಯ್ಯೂಣೇನ್ರಿ? ನಾ ಜಾಗಾ ಕೊಡತೀನಿ," ಎಂದಿದ್ದರು. ಈ ಸಲ ನಾನು ಉತ್ತರ ಕೊಡಲಿಲ್ಲ. ರಾಚವ್ವನನ್ನು ಕೇಳಿರಿ ಎಂದೆ. ರಾಚವ್ವ ಬೇಡವೆಂದಳು.

ರಾಚವ್ವ ಈಗ ಮಗಳ ಮನೆಯಲ್ಲಿದ್ದಾಳೆ. ಹೋಗುವಾಗ ನನ್ನ ಕಾಲಿಗೆ ನಮಸ್ಕಾರ ಮಾಡಿದಳು, ಮುಖ ನೋಡಲಿಲ್ಲ. ನಾನು ಅವಳ ಮೇಲೆ ಬೇಸರ ಮಾಡಿಕೊಂಡಿಲ್ಲ.

ತಂದೆ ಶಿವನೇ, ನಿತ್ಯ ಮೂರು ಹೊತ್ತು ನಿನ್ನ ಮುಂದೆ ಕುಳಿತವಳು ನಾನು. ನನಗೆಂದು ಈಗ ಏನನ್ನೂ ಕೇಳುವುದಿಲ್ಲ, ಕೇಳುವ ಮುಖವೂ ಇಲ್ಲ. ನನ್ನ ತಮ್ಮ ಸಿದ್ದರಾಯ ಯಾರ ಕೇಡನ್ನೂ ಬಯಸಲಿಲ್ಲ, ಯಾರದನ್ನೂ ಕಸಿದುಕೊಳ್ಳಲಿಲ್ಲ, ಹಿರಿಯರ ಮಾತು ಮೀರಲಿಲ್ಲ. ಅವನಿಗೆ ನಾನು ಹೇಳದೆ ಉಳಿಸಿದ ಮಾತನ್ನು ನೀನಾದರೂ ಅವನಿಗೆ ಮುಟ್ಟಿಸು. ನನ್ನ ಮೇಲೆ ಅವನಿಗೆ ನೋವು ಉಳಿದಿದ್ದರೆ ಅದನ್ನು ಅವನ ಎದೆಯಿಂದ ತೆಗೆ. ಅವನನ್ನು ನಿನ್ನ ಹತ್ತಿರ ಕರೆದು ಕೂಡಿಸಿಕೋ. ಆ ಜೀವಕ್ಕೆ ಶಾಂತಿ ಕೊಡು, ತಂದೆಯೇ, ಶಾಂತಿ ಕೊಡು.